ಡೇಟಾ ಸಫಿಷಿಯೆನ್ಸಿ: ಎರಡು ಅಜ್ಞಾತ, ಒಂದೇ ಸಮೀಕರಣ. ಉತ್ತರ ಎ ಹೇಗೆ?

ಪ್ರಶ್ನೆ
ಎಂಬಿಎ ಪ್ರವೇಶ ಪರೀಕ್ಷೆ ಜಿಮ್ಯಾಟ್ ಮಾದರಿಯ ಲೆಕ್ಕ ಇದು; ಉತ್ತರ ಕಂಡುಹಿಡಿಯಲು ಕೊಟ್ಟ ಹೇಳಿಕೆಗಳು ಸಾಕೇ ಎಂದಷ್ಟೇ ಹೇಳಬೇಕು. ಪೆನ್ನಿಗೆ 7 ರೂಪಾಯಿ, ನೋಟ್‌ಬುಕ್ಕಿಗೆ 23 ರೂಪಾಯಿ. ರವಿ ಎಷ್ಟು ನೋಟ್‌ಬುಕ್ ಕೊಂಡ?
ಹೇಳಿಕೆ 1: ಪೆನ್ನು, ನೋಟ್‌ಬುಕ್ ಎಲ್ಲ ಸೇರಿ 148 ರೂಪಾಯಿ ಆಯಿತು.
ಹೇಳಿಕೆ 2: ನೋಟ್‌ಬುಕ್ಕಿನ ಎರಡರಷ್ಟು ಪೆನ್ನು ಕೊಂಡ.
ಕೀಯಲ್ಲಿ ಉತ್ತರ ಎ ಎಂದಿದೆ, ಅಂದರೆ ಮೊದಲನೆಯದೊಂದೇ ಸಾಕಂತೆ. ಎರಡು ಅಜ್ಞಾತಕ್ಕೆ ಎರಡು ಸಮೀಕರಣ ಬೇಡವೇ? ಸಿ, ಅಂದರೆ ಎರಡೂ ಸೇರಿದರೆ ಮಾತ್ರ ಸಾಕು ಎಂಬುದು, ಯಾಕಲ್ಲ?

ಉತ್ತರ 1
ಕೀ ಸರಿಯಾಗಿದೆ. ಅರ್ಧ ಪೆನ್ನು ಯಾರೂ ಮಾರುವುದಿಲ್ಲ, ಹಾಗಾಗಿ ಪೆನ್ನಿನ ಸಂಖ್ಯೆ x, ನೋಟ್‌ಬುಕ್ಕಿನ ಸಂಖ್ಯೆ y ಎರಡೂ ಪೂರ್ಣಾಂಕ, ಋಣವೂ ಅಲ್ಲ. ಪ್ರಶ್ನೆಯಲ್ಲಿ ಬರೆಯದೆ ಬಿಟ್ಟಿರುವ ಈ ಷರತ್ತೇ ಇನ್ನೊಂದು ಸಮೀಕರಣದ ಕೆಲಸ ಮಾಡುತ್ತದೆ.

7x + 23y = 148. 148ರಿಂದ 23ರ ಗುಣಕಗಳನ್ನು ಕಳೆಯುತ್ತ ಹೋಗಿ: 148, 125, 102, 79, 56, 33, 10. ಇವುಗಳಲ್ಲಿ 7ರಿಂದ ಭಾಗವಾಗುವುದು 56 ಒಂದೇ. ಅಂದರೆ 4 ನೋಟ್‌ಬುಕ್, 8 ಪೆನ್ನು. ಹೇಳಿಕೆ 2 ಒಂದೇ ಇದ್ದರೆ 2 ಮತ್ತು 1 ಆಗಬಹುದು, 20 ಮತ್ತು 10 ಕೂಡ ಆಗಬಹುದು; ಸಾಲದು.

ಉತ್ತರ 2
ಪಟ್ಟಿ ಮಾಡದೆಯೂ ಹೇಳಬಹುದು. ಮೊತ್ತ ಬದಲಾಗದಂತೆ ಒಂದು ಪರಿಹಾರದಿಂದ ಇನ್ನೊಂದಕ್ಕೆ ಹೋಗಬೇಕಾದರೆ 7 ನೋಟ್‌ಬುಕ್ ಬಿಟ್ಟು 23 ಪೆನ್ನು ತೆಗೆದುಕೊಳ್ಳಬೇಕು. ಆ 7 ನೋಟ್‌ಬುಕ್ಕಿಗೇ 161 ರೂಪಾಯಿ. ಒಟ್ಟು ಹಣ ಅದಕ್ಕಿಂತ ಕಡಿಮೆಯಿದ್ದರೆ ಎರಡನೇ ಪರಿಹಾರಕ್ಕೆ ಜಾಗವೇ ಇಲ್ಲ. ಮೊತ್ತ 309 ಆಗಿದ್ದರೆ (8, 11), (31, 4) ಎರಡೂ ಹೊಂದುತ್ತಿದ್ದವು, ಎ ಬಿದ್ದುಹೋಗುತ್ತಿತ್ತು.

ಬೆಲೆಗಳಿಗೆ ಸಾಮಾನ್ಯ ಅಪವರ್ತನ ಇದ್ದರೆ ಮೊದಲು ಅದರಿಂದ ಭಾಗಿಸಿ. 5 ಮತ್ತು 20 ರೂಪಾಯಿ, ಒಟ್ಟು 100 ಎಂದರೆ x + 4y = 20. ಇಲ್ಲಿ ಗಡಿ (ಮೇಲಿನ 7 × 23 = 161ರ ಜಾಗದಲ್ಲಿ) 1 × 4 = 4 ಮಾತ್ರ, ಮೊತ್ತ 20, ಪರಿಹಾರಗಳು ಹಲವು.

ಪ್ರಶ್ನೆ ಕೇಳಿದವರು
ಧನ್ಯವಾದ. ಪೆನ್ನಿನ ಬದಲು ಅಕ್ಕಿ, ಬೇಳೆ ಕೊಟ್ಟಿದ್ದರೆ?

ಉತ್ತರ 2
ಆಗ ಸಿ. ಕಿಲೋ ಲೆಕ್ಕದಲ್ಲಿ ಅರ್ಧ, ಕಾಲು ಎಲ್ಲ ನಡೆಯುತ್ತದೆ. ಎಣಿಸುವ ವಸ್ತುವೋ, ತೂಗುವ ವಸ್ತುವೋ ಎಂಬುದನ್ನು ಹೇಳಿಕೆ ಓದುವ ಮೊದಲೇ ರಫ್ ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ.

ಉತ್ತರ 3
ಇದರ ತಿರುವುಮುರುವು ಬಲೆಯೂ ಇದೆ. 3x + 2y = 90 ಒಂದು ಹೇಳಿಕೆ, 6x + 4y = 180 ಇನ್ನೊಂದು. ಸಮೀಕರಣ ಎರಡಿದ್ದರೂ ಮಾಹಿತಿ ಒಂದೇ. x, y ಬೆಲೆಗಳಾಗಿದ್ದು x ಕೇಳಿದ್ದರೆ ಉತ್ತರ ಇ, ಎರಡೂ ಸೇರಿದರೂ ಸಾಲದು. 9x + 6y ಕೇಳಿದ್ದರೆ ಡಿ, ಯಾವ ಒಂದು ಹೇಳಿಕೆಯಾದರೂ ಸಾಕು. ಈಗಿನ ಜಿಮ್ಯಾಟ್‌ನಲ್ಲಿ ಈ ಪ್ರಶ್ನೆಗಳು ಡೇಟಾ ಇನ್‌ಸೈಟ್ಸ್ ವಿಭಾಗದಲ್ಲಿವೆ, 45 ನಿಮಿಷಕ್ಕೆ 20 ಪ್ರಶ್ನೆ. ಉತ್ತರ ಒಂದೇ ಬರುತ್ತದೆ ಎಂದು ಖಾತ್ರಿಯಾದ ಕೂಡಲೇ ಪೆನ್ನು ಕೆಳಗಿಡಿ, ಬೆಲೆ ಕಂಡುಹಿಡಿಯುತ್ತ ಕೂರಬೇಡಿ.