ಮೂರನೇ ಕ್ರಾಸ್ ಚರಂಡಿ: ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣವೇ?

ಅಡ್ಮಿನ್, 1ನೇ ಕ್ರಾಸ್: ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಗುಂಪಿಗೆ ಬಂದ ಮೆಸೇಜುಗಳಲ್ಲಿ ಅರ್ಧ ಶುಭೋದಯ, ಇನ್ನರ್ಧ ಬೈಗುಳ. ಈ ಚರ್ಚೆ ಚರಂಡಿಗೆ ಮಾತ್ರ. ಕಚೇರಿ, ಎಂಜಿನಿಯರ್, ಗುತ್ತಿಗೆದಾರ, ಯಾರ ಹೆಸರನ್ನೂ ಇಲ್ಲಿ ಬರೀಬೇಡಿ. ಹೋದ ಸಲ ಸ್ಕ್ರೀನ್‌ಶಾಟ್ ಎಲ್ಲೆಲ್ಲಿಗೆ ಹೋಯ್ತು ಅಂತ ನೆನಪಿರಲಿ.

ಮೂಲೆ ಮನೆ, 3ನೇ ಕ್ರಾಸ್: ಆರಿದ್ರಾ ಮಳೆ ಹಿಡಿದ ಮೇಲೆ ಎರಡನೇ ಸಲ ಹಾಲ್‌ಗೆ ನೀರು ನುಗ್ಗಿದೆ. ಹೊಸ ಕಾಂಕ್ರೀಟ್ ಚರಂಡಿ ನಮ್ಮ ಗೇಟಿನ ಎದುರಿಗೇ ನಿಂತುಬಿಟ್ಟಿದೆ. ಅದರಾಚೆ ಕೆಸುವು ಬೆಳೆದ ಗುಂಡಿ. ಮೇಲಿನ ಎರಡು ಕ್ರಾಸಿನ ನೀರೆಲ್ಲ ಅಲ್ಲಿ ಬಂದು ಉಕ್ಕುತ್ತೆ. ಫ್ರಿಜ್ಜನ್ನ ಇಟ್ಟಿಗೆ ಮೇಲೆ ನಿಲ್ಸಿದೀವಿ. ಹೋಗಿ ಕೇಳಿದ್ರೆ "ಕಾಮಗಾರಿ ಪೂರ್ಣಗೊಂಡಿದೆ" ಅನ್ನೋದು ಬಿಟ್ರೆ ಬೇರೆ ಮಾತಿಲ್ಲ.

ಹಸಿರು ಗೇಟು, 4ನೇ ಕ್ರಾಸ್: ಪೂರ್ಣ ಆಗಿರೋದು ಬಿಲ್ಲು ಕಣ್ರೀ, ಚರಂಡಿ ಅಲ್ಲ! ತಿಂದು ತೇಗಿದಾರೆ. ಬಯಲಿಗೆ ಎಳೀಬೇಕು. ಅರ್ಜಿ ನಾನೇ ಬರೆದಿದೀನಿ, ನೋಡಿ: "ಮೂರನೇ ಅಡ್ಡರಸ್ತೆಯ ಚರಂಡಿಯನ್ನು ಅರ್ಧಕ್ಕೆ ನಿಲ್ಲಿಸಿದ್ದು ಯಾಕೆ? ಇದಕ್ಕೆ ಹೊಣೆ ಯಾರು? ನಿವಾಸಿಗಳಿಗೆ ಆದ ನಷ್ಟಕ್ಕೆ ಏನು ಕ್ರಮ? ಮಾಹಿತಿ ನೀಡಿ."

ಮೇಷ್ಟ್ರು, 2ನೇ ಕ್ರಾಸ್: ಸೂಪರ್. ತಪ್ಪಿದರೆ ದಿನಕ್ಕೆ 250 ರೂಪಾಯಿ ದಂಡ ಅಂತಲೂ ಸೇರಿಸಿ. ಹೆದರ್ಕೋಬೇಕು.

ಶಿರಸ್ತೇದಾರ್ರು, 2ನೇ ಕ್ರಾಸ್: ತಮ್ಮಾ, ಈ ಅರ್ಜಿಗೆ ಬರೋ ಉತ್ತರ ನಾನೇ ಈಗ ಬರೆದುಕೊಡ್ತೇನೆ. "ಸದರಿ ಅರ್ಜಿಯು ಪ್ರಶ್ನೆ ರೂಪದಲ್ಲಿದ್ದು, ಮಾಹಿತಿ ಹಕ್ಕು ಅಧಿನಿಯಮ 2005ರ ಕಲಂ 2(ಎಫ್)ರ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ವಿಲೇ ಮಾಡಲಾಗಿದೆ." ಮೂವತ್ತು ವರ್ಷ ಆ ಕಡೆ ಮೇಜಿನಲ್ಲಿ ಕೂತವನು ನಾನು. "ಯಾಕೆ" ಅಂತ ಶುರುವಾಗೋ ಅರ್ಜಿ ಬಂದ್ರೆ ಗುಮಾಸ್ತನಿಗೆ ಹಬ್ಬ. ಕಾಯ್ದೆ ಕೊಡಿಸೋದು ಕಚೇರಿಯಲ್ಲಿ ಈಗಾಗಲೇ ಇರೋ ದಾಖಲೆಯನ್ನ. ನಿಮಗೋಸ್ಕರ ಹೊಸದಾಗಿ ಕಾರಣ ಬರೆದುಕೊಡು ಅಂತ ಅದು ಹೇಳಲ್ಲ. ಉತ್ತರಪತ್ರಿಕೆ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಕಾಗದದ ಹೆಸರು ಹಿಡಿದು ಕೇಳಿ. ದಂಡದ ಮಾತು ಅರ್ಜಿಯಲ್ಲಿ ಬೇಡ ಮೇಷ್ಟ್ರೇ. ಅದು ಇರೋದು ನಿಜ, 25,000ದವರೆಗೆ ಹೋಗಬಹುದು, ಆದ್ರೆ ಹಾಕಬೇಕಾದದ್ದು ಮಾಹಿತಿ ಆಯೋಗ. ಮೊದಲ ಕಾಗದದಲ್ಲೇ ಹೆದರಿಸಿದ್ರೆ ಅವ್ರು ನಿಯಮದ ಪುಸ್ತಕ ತೆಗೆದು ಕೂರ್ತಾರೆ.

ಮೆಡಿಕಲ್ ಶಾಪ್: ಯಾವ ಕಾಗದ ಇರುತ್ತೆ ಅಂತಲೇ ನಮಗೆ ಗೊತ್ತಿಲ್ಲವಲ್ಲ ಸರ್.

ಶಿರಸ್ತೇದಾರ್ರು, 2ನೇ ಕ್ರಾಸ್: ಒಂದು ಚರಂಡಿ ಹುಟ್ಟೋ ಮೊದಲು ಅಂದಾಜು ಪಟ್ಟಿ ಹುಟ್ಟುತ್ತೆ. ಅದಕ್ಕೆ ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಮಂಜೂರಾತಿ. ಆಮೇಲೆ ಟೆಂಡರ್, ಕಾರ್ಯಾದೇಶ. ಕೆಲಸ ನಡೆದಂತೆ ಅಳತೆ ಪುಸ್ತಕ, ಎಂ.ಬಿ. ಅಂತಾರಲ್ಲ ಅದು. ಕೊನೆಗೆ ಬಿಲ್ಲು, ಪೂರ್ಣಗೊಂಡ ದೃಢೀಕರಣ.

ಎಂ.ಬಿ. ಒಂದು ಸಿಕ್ಕರೆ ಮುಕ್ಕಾಲು ಕೆಲಸ ಆದಂಗೆ. ಪ್ರತಿ ಸಾಲಿನಲ್ಲೂ ಕೆಲಸದ ವಿವರ, ಉದ್ದ, ಅಗಲ, ಆಳ, ಒಟ್ಟು ಪ್ರಮಾಣ ಬರೆದಿರ್ತಾರೆ. ಅಗೆತ ಎಷ್ಟು, ಕಾಂಕ್ರೀಟ್ ಎಷ್ಟು, ಕಬ್ಬಿಣ ಎಷ್ಟು, ಚೈನೇಜ್, ಅಂದ್ರೆ ಉದ್ದಕ್ಕೂ ಹಾಕಿದ ದೂರದ ಗುರುತು, ಎಲ್ಲಿಂದ ಎಲ್ಲಿವರೆಗೆ, ಅಳತೆ ತೆಗೆದವರ ಸಹಿ, ತಾರೀಕು. ಆ ಉದ್ದ ಹಿಡಿದು ನೀವು ರಸ್ತೆಯಲ್ಲಿ ಟೇಪ್ ಎಳೆದರೆ ಸುಳ್ಳೋ ನಿಜವೋ ಅಲ್ಲೇ ಗೊತ್ತಾಗುತ್ತೆ.

ಇನ್ನೊಂದು. ಅಂದಾಜು ಪಟ್ಟಿಯ ಮೇಲೆ ಒಂದೆರಡು ಪುಟದ ವರದಿ ಲಗತ್ತಾಗಿರುತ್ತೆ, ಜೊತೆಗೆ ಒಂದು ಗೆರೆ ನಕ್ಷೆ. ಜನ ಮೊತ್ತ ನೋಡೋ ಆತುರದಲ್ಲಿ ಅದನ್ನ ಮಗುಚಿ ಹಾಕ್ತಾರೆ. ನೀವು "ಲಗತ್ತುಗಳೊಂದಿಗೆ" ಅಂತ ಬರೆದು ಕೇಳಿ.

ವಕೀಲರಮ್ಮ, 1ನೇ ಕ್ರಾಸ್: ಶಿರಸ್ತೇದಾರ್ರು ಹೇಳಿದ್ದಕ್ಕೆ ಸ್ವಲ್ಪ ಸೇರಿಸ್ತೀನಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಹಾಗಾಗಿ ಚರಂಡಿ, ಪಾರ್ಕು, ಬೀದಿದೀಪ ಎಲ್ಲ ಒಂದರಲ್ಲೇ ತುರುಕಬೇಡಿ. ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಇಡಬಹುದು, ಕೌಂಟರಿನಲ್ಲಿ ನಗದು ಕಟ್ಟಿದರೆ ರಸೀದಿ ಬಿಡಬೇಡಿ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕ ಇಲ್ಲ, ಕಾರ್ಡಿನ ಪ್ರತಿ ಲಗತ್ತಿಸಿ. ಸಂಘದ ಲೆಟರ್‌ಹೆಡ್ ಬೇಡ. ಈ ಹಕ್ಕು ಇರೋದು ನಾಗರಿಕರಿಗೆ, ಆದ್ದರಿಂದ ಒಬ್ಬರ ಹೆಸರಲ್ಲೇ ಹೋಗಲಿ. ಯಾಕೆ ಬೇಕು ಅಂತ ಅವರು ಕೇಳೋ ಹಾಗಿಲ್ಲ, ಕಲಂ 6(2) ಅದನ್ನ ಸ್ಪಷ್ಟವಾಗೇ ಹೇಳುತ್ತೆ.

ಅಡ್ಮಿನ್, 1ನೇ ಕ್ರಾಸ್: ಸರಿ. ಹೆಸರು ಯಾರದ್ದು ಹಾಕೋಣ?

ಅಡ್ಮಿನ್, 1ನೇ ಕ್ರಾಸ್: ಎಲ್ಲಾರೂ ನೋಡಿದೀರಿ, ಬ್ಲೂ ಟಿಕ್ ಬಂದಿದೆ.

ಮಹಡಿ ಮನೆ, 5ನೇ ಕ್ರಾಸ್: ಇವತ್ತು ಸಂಜೆ ನೀರು ಬಿಡ್ತಾರಾ?

ಮೆಡಿಕಲ್ ಶಾಪ್: ನನ್ನ ಹೆಸರು ಹಾಕಬಹುದಿತ್ತು, ಆದ್ರೆ ಗುತ್ತಿಗೆ ಮಾಡಿದವರ ಕಡೆಯವರೆಲ್ಲ ನಮ್ಮಲ್ಲೇ ಔಷಧಿ ತಗೊಳ್ಳೋದು. ಸುಮ್ನೆ ಯಾಕೆ ಅಂತ.

ವಕೀಲರಮ್ಮ, 1ನೇ ಕ್ರಾಸ್: ಅಂಥ ಭಯ ಇರೋರಿಗೂ ದಾರಿ ಇದೆ. ಸಂಪರ್ಕಕ್ಕೆ ಬೇಕಾದಷ್ಟು ವಿವರ ಬಿಟ್ಟರೆ ಬೇರೇನೂ ಕೊಡಬೇಕಿಲ್ಲ. ಮನೆ ವಿಳಾಸದ ಬದಲು ಪೋಸ್ಟ್ ಬಾಕ್ಸ್ ನಂಬರ್ ಕೊಟ್ಟರೂ ಸಾಕು ಅಂತ 2013ರಲ್ಲಿ ಕಲ್ಕತ್ತಾ ಹೈಕೋರ್ಟ್ ಹೇಳಿದೆ.

ಮೂಲೆ ಮನೆ, 3ನೇ ಕ್ರಾಸ್: ನನ್ನ ಹೆಸರೇ ಹಾಕಿ. ನೀರು ನುಗ್ಗಿರೋದು ನಮ್ಮನೆಗೆ. ಇನ್ನು ಮುಚ್ಚಿಡೋಕೆ ಎಂತ ಉಂಟು ಮಾರಾಯ್ರೆ.

ಶಿರಸ್ತೇದಾರ್ರು, 2ನೇ ಕ್ರಾಸ್: ಭೇಷ್ ಅಕ್ಕ. ಹಾಗಾದ್ರೆ ಇದನ್ನ ಮಾಹಿತಿ ಹಕ್ಕಿನ ಅರ್ಜಿ ಫಾರಂ, ನಮೂನೆ ಎ ನಲ್ಲಿ ಕಾಪಿ ಮಾಡಿಕೊಳ್ಳಿ:

"ನಮ್ಮ ಬಡಾವಣೆಯ 3ನೇ ಅಡ್ಡರಸ್ತೆಯಲ್ಲಿ ಕಳೆದ ಆರ್ಥಿಕ ವರ್ಷದಲ್ಲಿ ನಿರ್ಮಿಸಿರುವ ಕಾಂಕ್ರೀಟ್ ಚರಂಡಿ ಕಾಮಗಾರಿಗೆ ಸಂಬಂಧಿಸಿದ ಈ ದಾಖಲೆಗಳ ದೃಢೀಕೃತ ಪ್ರತಿ ನೀಡುವುದು: ಮಂಜೂರಾದ ಅಂದಾಜು ಪಟ್ಟಿ, ವರದಿ ಹಾಗೂ ನಕ್ಷೆ ಲಗತ್ತುಗಳೊಂದಿಗೆ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಪಾವತಿಸಿದ ಬಿಲ್ಲುಗಳು, ಗುಣಮಟ್ಟ ಪರೀಕ್ಷಾ ವರದಿ, ಪೂರ್ಣಗೊಂಡ ದೃಢೀಕರಣ ಪತ್ರ. ಪ್ರತಿ ಪಡೆಯುವ ಮೊದಲು ಕಡತವನ್ನು ಖುದ್ದು ಪರಿಶೀಲಿಸಲು ದಿನಾಂಕ ಮತ್ತು ಸಮಯ ತಿಳಿಸುವುದು."

ಕೊನೇ ಸಾಲು ಬಿಡಬೇಡಿ. ಕಡತ ನೋಡೋ ಹಕ್ಕು, ಟಿಪ್ಪಣಿ ಮಾಡಿಕೊಳ್ಳೋ ಹಕ್ಕು ಕಲಂ 2(ಜೆ)ಯಲ್ಲೇ ಇದೆ. ಸಾಮಗ್ರಿಯ ದೃಢೀಕೃತ ಮಾದರಿ ಕೇಳೋ ಹಕ್ಕೂ ಅಲ್ಲೇ ಇದೆ, ಅಂದ್ರೆ ಬೇಕಾದ್ರೆ ಆ ಕಾಂಕ್ರೀಟಿನ ತುಂಡನ್ನೇ ಕೇಳಬಹುದು. ಪುಟಕ್ಕೆ 2 ರೂಪಾಯಿ ಕೊಟ್ಟು ಮುನ್ನೂರು ಪುಟ ಹೊತ್ಕೊಂಡು ಬರೋದಕ್ಕಿಂತ ಕೂತು ನೋಡಿ, ಬೇಕಾದ ಹತ್ತು ಪುಟ ಗುರುತು ಹಾಕಿಕೊಂಡು ಬರೋದು ಜಾಣತನ.

ಹಸಿರು ಗೇಟು, 4ನೇ ಕ್ರಾಸ್: ಎಂಜಿನಿಯರ್ ಆಸ್ತಿ ವಿವರ, ಗುತ್ತಿಗೆದಾರನ ಬ್ಯಾಂಕ್ ಖಾತೆ, ಫೋನ್ ನಂಬರ್ ಕೂಡ ಕೇಳಿ.

ವಕೀಲರಮ್ಮ, 1ನೇ ಕ್ರಾಸ್: ಅದು ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ, ಮಾಹಿತಿ ಹಕ್ಕಿನ ಕಲಂ 8(1)(ಜೆ)ಯನ್ನ ತಿದ್ದಿದೆ. ವೈಯಕ್ತಿಕ ಅಂತ ಕಂಡದ್ದನ್ನೆಲ್ಲ ನಿರಾಕರಿಸೋದು ಈಗ ಮೊದಲಿಗಿಂತ ಸುಲಭ. ಸಾರ್ವಜನಿಕ ಹಿತಾಸಕ್ತಿ ದೊಡ್ಡದಾದರೆ ಕೊಡಬಹುದು ಅನ್ನೋ 8(2) ಉಳಿದಿದೆ, ನಿಜ. ಆದ್ರೆ ಚರಂಡಿಯ ಉದ್ದಕ್ಕೆ ಯಾವ ಖಾಸಗಿತನ? ಅಳತೆಗೇ ಅಂಟಿಕೊಳ್ಳೋಣ.

ಮೆಡಿಕಲ್ ಶಾಪ್: ಟೆಂಡರ್ ಪ್ರಕಟಣೆ ರಾಜ್ಯದ ಸಾರ್ವಜನಿಕ ಸಂಗ್ರಹಣೆ ಪೋರ್ಟಲಿನಲ್ಲೇ ಸಿಕ್ತು. ಅದಕ್ಕೆ ಅರ್ಜಿಯೇ ಬೇಕಿಲ್ಲ. ಕಾಮಗಾರಿಯ ಹೆಸರು "ಚರಂಡಿ ನಿರ್ಮಾಣ, ಭಾಗ 1" ಅಂತಿದೆ.

ಶಿರಸ್ತೇದಾರ್ರು, 2ನೇ ಕ್ರಾಸ್: ಭಾಗ 1 ಅಂತ ಇದ್ರೆ ಭಾಗ 2 ಎಲ್ಲೋ ಇರಬೇಕು. ಇಟ್ಕೊಂಡಿರಿ.

(ಮುಂದಿನ ತಿಂಗಳು)

ಮೂಲೆ ಮನೆ, 3ನೇ ಕ್ರಾಸ್: ಇವತ್ತು ಟಪಾಲಿನಲ್ಲಿ ಪತ್ರ ಬಂತು. ಪುಟಗಳ ಶುಲ್ಕ ಕಟ್ಟಬೇಕಂತೆ, ಕಡತ ನೋಡೋಕೆ ದಿನಾನೂ ಕೊಟ್ಟಿದಾರೆ. ಉತ್ತರ ಕೊಡೋಕೆ ಇರೋ 30 ದಿನ ಮುಗಿಯೋ ಹೊತ್ತಿಗೆ ಸರಿಯಾಗಿ ಕಳಿಸಿದಾರೆ ನೋಡಿ.

ವಕೀಲರಮ್ಮ, 1ನೇ ಕ್ರಾಸ್: ಬೇಗ ಕಟ್ಟಿಬಿಡಿ. ಅವರು ಶುಲ್ಕ ಕೇಳಿದ ದಿನದಿಂದ ನಾವು ಕಟ್ಟೋ ದಿನದವರೆಗೆ 30 ದಿನದ ಲೆಕ್ಕ ನಿಂತಿರುತ್ತೆ. ಗಡುವು ದಾಟಿ ಕೊಟ್ಟಿದ್ರೆ ಪ್ರತಿಗಳು ಉಚಿತವಾಗಿ ಸಿಗಬೇಕಿತ್ತು, ಅದು ಈಗ ಅನ್ವಯ ಆಗಲ್ಲ.

ಮೇಷ್ಟ್ರು, 2ನೇ ಕ್ರಾಸ್: "ಕಡತ ಸಿಗ್ತಿಲ್ಲ" ಅಂದ್ರೆ?

ವಕೀಲರಮ್ಮ, 1ನೇ ಕ್ರಾಸ್: ಕಡತ ಕಳೆದಿದೆ ಅನ್ನೋದು ಕಾಯ್ದೆಯ ವಿನಾಯಿತಿಗಳ ಪಟ್ಟಿಯಲ್ಲೇ ಇಲ್ಲ. ಕೂಲಂಕಷವಾಗಿ ಹುಡುಕಬೇಕು, ಸಿಗದಿದ್ರೆ ಯಾರ ಹೊಣೆ ಅಂತ ವಿಚಾರಣೆ ಆಗಬೇಕು ಅಂತ ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿದೆ. ಹಾಗೇನಾದ್ರೂ ಆದ್ರೆ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಆದ್ರೆ ಆಯೋಗದಲ್ಲಿ ಸರದಿ ಉದ್ದ, ಮುಂದಿನ ಮಳೆಗಾಲವೂ ಕಳೆದೀತು. ಕೆಳಗೇ ಕೆಲಸ ಮುಗಿಸಿಕೊಂಡ್ರೆ ಒಳ್ಳೇದು.

ಮೆಡಿಕಲ್ ಶಾಪ್: ಕಡತ ನೋಡೋಕೆ ಅಕ್ಕನ ಜೊತೆ ನಾನೂ ಬರ್ತೀನಿ. ಮೊಬೈಲಲ್ಲಿ ಫೋಟೋ ಹೊಡೀಬಹುದಾ?

ಶಿರಸ್ತೇದಾರ್ರು, 2ನೇ ಕ್ರಾಸ್: ಮೊದಲು ಕೇಳಿ, ಒಪ್ಪಿದ್ರೆ ಹೊಡೀರಿ. ಬೇಡ ಅಂದ್ರೆ ಜಗಳ ತೆಗೀಬೇಡಿ, ನೋಟ್‌ಬುಕ್ಕಿನಲ್ಲಿ ಪುಟ ಸಂಖ್ಯೆ ಬರ್ಕೊಳ್ಳಿ. ಬರೆಯೋದನ್ನ ಯಾರೂ ತಡೆಯೋ ಹಾಗಿಲ್ಲ.

(ಕಡತ ನೋಡಿ ಬಂದ ಸಂಜೆ)

ಮೂಲೆ ಮನೆ, 3ನೇ ಕ್ರಾಸ್: ನೋಡಿ ಬಂದ್ವಿ. ಗುಮಾಸ್ತರು ಪಾಪ ಒಳ್ಳೆಯವರು, ಫ್ಯಾನ್ ಕೆಳಗೆ ಕುರ್ಚಿ ಹಾಕಿಕೊಟ್ರು. ಎಂ.ಬಿ.ಯಲ್ಲಿ ಬರೆದ ಉದ್ದಕ್ಕೂ ನಾವು ಮನೆ ಎದುರು ಟೇಪ್ ಹಿಡಿದ ಉದ್ದಕ್ಕೂ ಗೇಣು ವ್ಯತ್ಯಾಸ ಇಲ್ಲ. ನಮ್ಮ ಗೇಟಿನವರೆಗೆ ಅಂತಲೇ ಅಂದಾಜು, ಅಲ್ಲಿವರೆಗೇ ಕೆಲಸ, ಅಷ್ಟಕ್ಕೇ ಬಿಲ್ಲು.

ಹಸಿರು ಗೇಟು, 4ನೇ ಕ್ರಾಸ್: ಅದು ಹೇಗೆ ಸಾಧ್ಯ? ಎಲ್ಲಾ ಸೇರಿ ತಿದ್ದಿರ್ತಾರೆ.

ಮೆಡಿಕಲ್ ಶಾಪ್: ಇಲ್ಲ ಅಣ್ಣ. ಶಿರಸ್ತೇದಾರ್ರು ಹೇಳಿದ ವರದಿ ಪುಟ ಇದೆಯಲ್ಲ, ವಿಷಯ ಅಲ್ಲಿದೆ. ಬರ್ಕೊಂಡು ಬಂದಿದೀನಿ: "ಚರಂಡಿಯನ್ನು ಹಿಂಭಾಗದ ಹಳ್ಳಕ್ಕೆ ಸೇರಿಸಬೇಕಾಗಿದ್ದು, ಹಳ್ಳದ ಗಡಿ ಗುರುತಾಗದ ಕಾರಣ ಉಳಿಕೆ ಭಾಗವನ್ನು ಸರ್ವೆ ನಂತರ ಭಾಗ 2ರಲ್ಲಿ ಕೈಗೊಳ್ಳಬಹುದು." ಸರ್ವೆ ಮಾಡಿಕೊಡಿ ಅಂತ ಬರೆದ ಪತ್ರದ ಪ್ರತಿಯೂ ಇದೆ. ಅದಕ್ಕೆ ಉತ್ತರ ಮಾತ್ರ ಕಡತದಲ್ಲಿ ಇಲ್ಲ.

ಶಿರಸ್ತೇದಾರ್ರು, 2ನೇ ಕ್ರಾಸ್: ನಿಂತಿರೋದು ಸರ್ವೆ. ಇಷ್ಟು ದಿನ ನಾವು ಬೈತಾ ಇದ್ದದ್ದು ಬೇರೆ ಮೇಜಿಗೆ. ಆ ಹಳ್ಳ ಎಲ್ಲಿದೆ ಅಂತ ಯಾರಿಗಾದ್ರೂ ಗೊತ್ತಾ?

ಮೆಡಿಕಲ್ ಶಾಪ್: ಗುಂಡಿ ಹತ್ರ ನಿಂತು ಸರ್ಕಾರದ ಭೂ ನಕ್ಷೆಯ ದಿಶಾಂಕ್ ಆ್ಯಪ್ ತೆಗೆದೆ, ಸರ್ವೆ ನಂಬರ್ ಬಂತು. ಹಳೇ ಗ್ರಾಮ ನಕ್ಷೆ ಕಂದಾಯ ಇಲಾಖೆಯ ಜಾಲತಾಣದಿಂದ ಇಳಿಸಿಕೊಂಡೆ. ಹಳ್ಳ ಎರಡು ಗೆರೆಯಲ್ಲಿ ಸ್ಪಷ್ಟವಾಗಿದೆ. ಅದು ಹೋಗೋದು... ನಾಲ್ಕನೇ ಕ್ರಾಸಿನ ಮನೆಗಳ ಹಿತ್ತಲಲ್ಲಿ.

ಶಿರಸ್ತೇದಾರ್ರು, 2ನೇ ಕ್ರಾಸ್: ನಕ್ಷೆ ಸಾಲದು. ಭೂಮಾಪನ ಕಚೇರಿಯಿಂದ ಆ ಸರ್ವೆ ನಂಬರಿನ ಆಕಾರಬಂದ್ (ವಿಸ್ತೀರ್ಣದ ದಾಖಲೆ) ಮತ್ತು ಮೂಲ ಟಿಪ್ಪಣಿಯ (ಮೊದಲ ಸರ್ವೆಯ ಅಳತೆ ಚಿತ್ರ) ದೃಢೀಕೃತ ಪ್ರತಿ ತಗೊಳ್ಳಿ. ಆಕಾರಬಂದಿನಲ್ಲಿ ಖರಾಬು, ಅಂದ್ರೆ ಸಾಗುವಳಿಗೆ ಬಾರದ ಜಾಗ, ಅಂತ ಅಂಕಣ ಇರುತ್ತೆ. ಬಿ ಖರಾಬು ಅಂದ್ರೆ ಹಳ್ಳ, ದಾರಿ, ಹೀಗೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ. 0-04 ಅಂತ ಬರೆದಿದ್ರೆ ಸೊನ್ನೆ ಎಕರೆ, ನಾಲ್ಕು ಗುಂಟೆ. ಗುಂಟೆಗೆ 1,089 ಚದರಡಿ, ನೀವೇ ಗುಣಿಸಿ. ಟಿಪ್ಪಣಿಯಲ್ಲಿ ಅಳತೆ ಸರಪಳಿ ಲೆಕ್ಕದಲ್ಲಿರುತ್ತೆ, ಒಂದು ಸರಪಳಿ 33 ಅಡಿ. ಹಾಗೆ ಹಳ್ಳದ ಅಗಲ ಎಷ್ಟಿತ್ತು ಅಂತ ಗೊತ್ತಾಗುತ್ತೆ. ಇದಕ್ಕೆ ಮಾಹಿತಿ ಹಕ್ಕೂ ಬೇಡ, ನಕಲು ಶುಲ್ಕ ಕಟ್ಟಿದ್ರೆ ಸಾಕು. ಆಮೇಲೆ ಇವೆಲ್ಲ ಲಗತ್ತಿಸಿ, ಹಳ್ಳದ ಗಡಿ ಗುರುತಿಸಿಕೊಡಿ ಅಂತ ತಹಶೀಲ್ದಾರರಿಗೆ ಒಂದು ಮನವಿ.

ಅಡ್ಮಿನ್, 1ನೇ ಕ್ರಾಸ್: ಸೋಮವಾರ ಮನವಿ ಕೊಡೋಣ. ಎಲ್ಲರೂ ಸಹಿ ಹಾಕಬೇಕು.

ಹಸಿರು ಗೇಟು, 4ನೇ ಕ್ರಾಸ್: ಈಗ ಸರ್ವೆ ಎಲ್ಲ ಯಾಕೆ? ಮೊದಲು ಒಂದು ಪೈಪ್ ಹಾಕಿಸಿ ನೀರು ಹೋಗೋ ಹಾಗೆ ಮಾಡ್ಲಿ.

ಮೂಲೆ ಮನೆ, 3ನೇ ಕ್ರಾಸ್: ಬಯಲಿಗೆ ಎಳೀಬೇಕು ಅಂದೋರು ನೀವೇ ಅಲ್ದಾ?

ಶಿರಸ್ತೇದಾರ್ರು, 2ನೇ ಕ್ರಾಸ್: ಅಕ್ಕ, ಸ್ವಲ್ಪ ತಡೀರಿ. ನಾಲ್ಕನೇ ಕ್ರಾಸಿನವರು ಹೆದರೋದು ಬೇಡ. ಸರ್ವೆಯವರು ಬರೋ ಮೊದಲೇ ನಿಮ್ಮ ಕ್ರಯಪತ್ರದ ಷೆಡ್ಯೂಲ್ ತೆಗೆದು ನೋಡಿ. ಪತ್ರ ಕೈಯಲ್ಲಿ ಇಲ್ಲದಿದ್ರೆ ಉಪನೋಂದಣಿ ಕಚೇರಿಯಲ್ಲಿ ನಕಲು ಸಿಗುತ್ತೆ. ಅದರ ಅಳತೆಗೂ ಕಾಂಪೌಂಡಿಗೂ ಹೊಂದಿದ್ರೆ ನಿಮ್ಮ ತಂಟೆಗೆ ಯಾರೂ ಬರಲ್ಲ.

ಹಸಿರು ಗೇಟು, 4ನೇ ಕ್ರಾಸ್: ಪತ್ರದಲ್ಲಿ ಪೂರ್ವ ಪಶ್ಚಿಮ 60 ಅಡಿ. ಈಗ ಟೇಪ್ ಹಿಡಿದೆ, 67 ಬರ್ತಿದೆ. ಆ ಗೋಡೆ ನಾನು ಕೊಳ್ಳೋ ಮೊದಲೇ ಇತ್ತು, ಅದನ್ನೂ ಬರ್ಕೊಳ್ಳಿ.

ವಕೀಲರಮ್ಮ, 1ನೇ ಕ್ರಾಸ್: ಹಾಗಾದ್ರೆ ಮನವಿಯಲ್ಲಿ ನಿಮ್ಮ ಸಹಿ ಮೊದಲು ಇರಲಿ. ಮುಂದೆ ನಿಮಗೇ ಅನುಕೂಲ.

ಹಸಿರು ಗೇಟು, 4ನೇ ಕ್ರಾಸ್: ಸಹಿ ಹಾಕ್ತೀನಿ. ಕಾಂಪೌಂಡ್ ಒಡೆಸೋ ಖರ್ಚು ಯಾರದ್ದು ಅಂತ ಮೊದಲು ಹೇಳಿ.