ಬಿದ್ರಿ ಕೆತ್ತನೆಗೆ ಕುಂತವರ ಗೋಣು, ಟೊಂಕ, ಕಾಲು

ಕೇಳಿದ್ದು (ಬೀದರ್): ನೆಲದ ಮ್ಯಾಲ ಕುಂತು ಎಂಟು ತಾಸು ಬಿದ್ರಿ ಕೆತ್ತನೆ (ಲೋಹದ ಸಾಮಾನು ಕೆತ್ತಿ ಬೆಳ್ಳಿ ಕೂಡಿಸೂ ಕಸುಬು). ಸಂಜಿಗೆ ಗೋಣು ಬಿಗೀತದ, ಎಡಗಾಲು ಜೋಮು ಹಿಡೀತದ. ಎಣ್ಣಿ, ಬೆಲ್ಟು ಬಿಟ್ಟು ಬ್ಯಾರೆ ಉಪಾಯ ಹೇಳ್ರಿ.

ಕೆತ್ತನೆ ಕೆಲಸದವರು, ಬೀದರ್: ನೆಟ್ಟಗ ಕುಂದ್ರು ಅಂದ್ರ ಹತ್ತು ನಿಮಿಷ ನಡೀತದ, ಅಷ್ಟೇ. ಗೋಣು ಬಗ್ಗೋದು ಕಣ್ಣಿನ ಸಲುವಾಗಿರಿ. ಕಲ್ಲಿನ ಮ್ಯಾಲ ಮೇಣದಾಗ ಕೂಡಿಸಿದ ಸಾಮಾನು ಮೊಣಕೈಗಿಂತ ನಾಲ್ಕೈದು ಸೆಂ.ಮೀ. ಮ್ಯಾಲ ಬರೂಹಂಗ ಆ ಕಲ್ಲಿನ ಕೆಳಗ ಹಲಗಿ ಇಡ್ರಿ. ಅದಕ್ಕೂ ಏರಿಸಿದ್ರ ಹೆಗಲು ಎತ್ತಿ ಹಿಡೀಬೇಕಾಗ್ತದ, ನೋವು ಅಲ್ಲಿಗೆ ಹೋಗ್ತದ. ನೆತ್ತಿ ಮ್ಯಾಲಿನ ದೀಪ ನಿಮ್ಮ ತಲಿ ನೆರಳೇ ಕೆಲಸದ ಮ್ಯಾಲ ಬೀಳಸ್ತದ. ಎಡ ಮುಂದಿನಿಂದ ಓರೆ ಬೆಳಕು ಬಿಟ್ರ ಗೆರಿ ಅಂಚು ಕಾಣ್ತದ. ಮೈಲುತುತ್ತ ಹಚ್ಚಿ ಕಪ್ಪು ಮಾಡಿದ ಲೋಹದ ಮ್ಯಾಲ ಗೀರಿದ ನಕ್ಷಿ ಮಸುಕಾದ್ರ ಮೊನಿಲೆ ಮತ್ತ ಗೀರ್ಕೊಳ್ರಿ. ಮ್ಯಾಲ ಇನ್ನೊಮ್ಮೆ ಮೈಲುತುತ್ತ ಹಚ್ಚಿದ್ರ ಗೆರಿನೂ ಕರ್ರಗಾಗ್ತದ. ಉಳಿ ಮೊಂಡಾಗಿದ್ರ ಬೆರಳು ಗಟ್ಟಿ ಹಿಡೀತಾವ, ಮುಂಗೈ ಸೋಲ್ತದ. ಹಿಡಿಕಿಗೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡ್ರಿ.

ಫಿಸಿಯೋಥೆರಪಿಸ್ಟ್, ಕಲಬುರಗಿ: ಸ್ನಾಯು ಒಂದೇ ಬಿಗಿಯಲ್ಲಿ ನಿಂತರೆ ಅದರೊಳಗಿನ ಸಣ್ಣ ರಕ್ತನಾಳಗಳೂ ಒತ್ತಿಹೋಗಿ ರಕ್ತ ಸಾಲದು. ಹಾಗಾಗಿ ಊಟದ ಹೊತ್ತಿನ ಒಂದು ದೊಡ್ಡ ಬಿಡುವಿಗಿಂತ 20 ನಿಮಿಷಕ್ಕೊಮ್ಮೆ ಅರ್ಧ ನಿಮಿಷ ಮೇಲು. ಆಗ ಸುಮ್ಮನೆ ಕೂರಬೇಡಿ, ಉಲ್ಟಾ ಮಾಡಿ: ಗದ್ದ ಹಿಂದಕ್ಕೆಳೆದು ಐದು ಎಣಿಸಿ, ಹೀಗೆ ಐದು ಸಲ, ಭುಜಗಳನ್ನು ಹಿಂದಕ್ಕೆ ತಿರುಗಿಸಿ. ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟು ಹಿಂದಕ್ಕೆ ಬಾಗುವುದಂತೂ ಬಿಡಲೇಬೇಡಿ. ಜೋಮಿಗೆ ಕಾರಣ ಬೇರೆ. ಮೊಣಕಾಲಿನ ಹೊರಬದಿ, ಸ್ವಲ್ಪ ಕೆಳಗೆ, ಎಲುಬಿನ ಮೇಲೆ ಹಾದುಹೋಗುವ ನರ ಚಕ್ಕಳಮಕ್ಕಳದಲ್ಲಿ ಒತ್ತುತ್ತದೆ. 10–15 ಸೆಂ.ಮೀ. ಎತ್ತರದ ಗಟ್ಟಿ ಗಾದಿ ಹಾಕಿ (ಮೆತ್ತನೆಯದು ಕುಸಿದು ಮತ್ತೆ ನೆಲವೇ), ಕಾಲು ಬದಲಿಸುತ್ತಿರಿ. ಪಾದ ಮೇಲಕ್ಕೆತ್ತಲು ಆಗದಿದ್ದರೆ, ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿ ಎಚ್ಚರವಾದರೆ ಡಾಕ್ಟರಿಗೆ ತೋರಿಸಿ; ಮಾಲೀಸು ಬೇಡ.

ಹೊಲಿಗೆಯವರು, ಯಾದಗಿರಿ: ವಯಸ್ಸು ನಲವತ್ತು ದಾಟೇದೇನ್ರಿ? ಹಂಗಿದ್ರ ಚಷ್ಮಾ ನೋಡ್ಕೊಳ್ರಿ. ಕಣ್ಣಿಂದ ಕೆಲಸದ ತನಕ ದಾರ ಹಿಡಿದು ಅಳದು, ಆ ದಾರಾನೇ ಚಷ್ಮಾದವರಿಗಿ ಕೊಡ್ರಿ. ಓದೂ ಚಷ್ಮಾ ಸುಮಾರು 40 ಸೆಂ.ಮೀ. ದೂರಕ್ಕ ಮಾಡಿರ್ತಾರ, ನಿಮ್ಮ ಕೆಲಸ ಅದಕ್ಕಿಂತ ದೂರ ಇದ್ರ ಮತ್ತ ಬಗ್ಗೋದೇ.

ಕೇಳಿದವರು: ಟೇಬಲ್, ಕುರ್ಚಿ ತಂದ್ರ?

ಕೆತ್ತನೆ ಕೆಲಸದವರು, ಬೀದರ್: ಸುತ್ತಿಗಿ ಪೆಟ್ಟಿಗೆ ಹಗುರ ಟೇಬಲ್ ಕುಣೀತದ, ಉಳಿ ಜಾರ್ತದ. ಅದರ ಬದ್ಲು ಅರ ಹಾಕೂ ಕೆಲಸ ಒಮ್ಮೆಗೇ ಮುಗಸಬ್ಯಾಡ್ರಿ. ತಾಸಿಗೊಮ್ಮೆ ಎದ್ದು ನಿಂತು ಹತ್ತು ನಿಮಿಷ ಅರ ಹಾಕಿ ಬಂದು ಕುಂದ್ರಿ.