ಅಪ್‌ಡೇಟ್: ಅಮ್ಮನಿಗೆ ರೋಬೋಟ್‌ನ ಇಂಗ್ಲಿಷ್ ಕಲಿಸಿದ್ದು

ನೆಲ ಗುಡಿಸುವ ರೋಬೋಟ್ ಹೇಳುವ ಇಂಗ್ಲಿಷ್ ಅಮ್ಮನಿಗೆ ಅರ್ಥ ಆಗೋದಿಲ್ಲ, ಹೇಗೆ ಕಲಿಸಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಚೀಟಿ ಬರೆದು ಗೋಡೆಗೆ ಅಂಟಿಸಿ ಅಂದಿದ್ದಿರಿ. ಅಮ್ಮ ಆ ಕಡೆ ತಿರುಗಿಯೂ ನೋಡಲಿಲ್ಲ. ಮಷೀನನ್ನೇ ತಿರುಗಿಸಿ ಮಲಗಿಸಿ ತೋರಿಸಿದ್ದು ಕೆಲಸ ಮಾಡಿತು. ಇದು ಮೇನ್ ಬ್ರಷ್, ಇದು ಸೈಡ್ ಬ್ರಷ್, ಇದು ಡಸ್ಟ್‌ಬಿನ್. 'ಮೇನ್ ಬ್ರಷ್ ಟ್ಯಾಂಗಲ್ಡ್' ಅಂದರೆ ಸಾಕು, ಈಗ ಅವರೇ ಕತ್ತರಿ ತಂದು ಸುತ್ತಿಕೊಂಡ ಕೂದಲು ಕತ್ತರಿಸುತ್ತಾರೆ.

ಜಾಸ್ತಿ ತಲೆ ತಿಂದಿದ್ದು 'ಕ್ಲಿಫ್ ಸೆನ್ಸರ್'. ಹೊಟ್ಟೆಯ ಕೆಳಗಿನ ಈ ಸೆನ್ಸರ್‌ಗಳು ನೆಲಕ್ಕೆ ಇನ್‌ಫ್ರಾರೆಡ್ ಬೆಳಕು ಬಿಡುತ್ತವೆ. ಬೆಳಕು ವಾಪಸ್ ಬರದಿದ್ದರೆ ಮುಂದೆ ಮೆಟ್ಟಿಲು ಇದೆ ಅಂದುಕೊಂಡು ರೋಬೋಟ್ ಹಿಂದೆ ಸರಿಯುತ್ತದೆ. ನಮ್ಮನೆ ಹಾಲ್‌ನಲ್ಲಿ ಕಪ್ಪು ಮ್ಯಾಟ್ ಇದೆ. ಕಪ್ಪು ಬಣ್ಣ ಬೆಳಕನ್ನು ಹೀರಿಬಿಡುತ್ತದಲ್ವಾ, ಅದಕ್ಕೇ ಪ್ರತಿ ಸಲ ಅಲ್ಲೇ ನಿಂತು ಗೋಳಾಡುತ್ತಿತ್ತು. "ಮ್ಯಾಟನ್ನೇ ಹಳ್ಳ ಅಂದ್ಕೊಂಡಿದೆಯಾ ಪೆದ್ದು!" ಅಂತ ಅಮ್ಮ ನಕ್ಕರು. ಮ್ಯಾಟ್ ತೆಗೆದಿದ್ದೇವೆ.

'ನೋ-ಗೋ ಝೋನ್', ಅಂದರೆ ರೋಬೋಟ್ ಹೋಗಬಾರದ ಜಾಗ, ಇದನ್ನು ಮಾತ್ರ ಹೇಳಿಕೊಡಬೇಕಾಗಲೇ ಇಲ್ಲ. ದೇವರ ಮನೆ ಮುಂದಿನ ರಂಗೋಲಿ ಉಳಿಯಬೇಕಿತ್ತು. ಆ್ಯಪ್‌ನ ಮ್ಯಾಪ್ ಮೇಲೆ ನಾನು ಚೌಕ ಎಳೆಯುವುದನ್ನು ನೋಡಿದ್ದರು. ಈಗ ಹಪ್ಪಳ ಒಣಗಿಸಿದಾಗಲೂ "ಇಲ್ಲೊಂದು ನೋ-ಗೋ ಹಾಕು" ಅನ್ನುತ್ತಾರೆ.

ಹಿಂದಿ ವಾಯ್ಸ್ ಹಾಕಿ ಅಂದವರಿಗೆ: ಕೇಳಿ ನೋಡಿದೆ. ಇಷ್ಟು ಕಲಿತ ಮೇಲೆ ಬೇಡವಂತೆ.